ನೋಡುವವರನ್ನು ನೋಡುವುದು ಹೇಗೆ?

ವಿಜಯನಗರದ ಮಹಾನವಮಿಯಲ್ಲಿ ಸಿಂಗರಿಸಿದ ಆನೆ, ಕುದುರೆಗಳನ್ನು ನೋಡಲು ಜನ ಸೇರುತ್ತಿದ್ದರು. 1443ರಲ್ಲಿ ಇಲ್ಲಿಗೆ ಬಂದ, ಹೆರಾತ್‌ನ ದೊರೆ ಶಾರುಖ್‌ನ ರಾಯಭಾರಿ ಅಬ್ದುಲ್ ರಜಾಕ್, ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಬ್ಬರೂ ಆ ವೈಭವವನ್ನು ಬರೆದಿಟ್ಟಿದ್ದಾರೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲೂ ಆನೆ, ಕುದುರೆಗಳ ಸಾಲುಗಳಿವೆ. ಆದರೆ ಅವುಗಳೆದುರು ನಿಂತ ಸಾಮಾನ್ಯ ಜನ ಹೇಗೆ ವರ್ತಿಸಿದರು, ಮನೆಗೆ ಏನನ್ನು ತಿಳಿದು ಮರಳಿದರು ಎಂಬುದು ಅಷ್ಟಾಗಿ ದಾಖಲಾಗಿಲ್ಲ.

ಚಾಮರಾಜೇಂದ್ರ ಒಡೆಯರ್ 1892ರಲ್ಲಿ ಸ್ಥಾಪಿಸಿದ ಮೈಸೂರು ಮೃಗಾಲಯ 1902ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಪ್ರೇಕ್ಷಕರನ್ನೇ ಅಧ್ಯಯನದ ವಸ್ತುವಾಗಿಸುವ ಯೋಚನೆ ಬಂದದ್ದು ತಡವಾಗಿ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ರಾಬಿನ್ಸನ್, ವಸ್ತುಸಂಗ್ರಹಾಲಯಗಳಲ್ಲಿ ಜನರು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆಂದು ಗಮನಿಸಿ 1928ರಲ್ಲಿ ಗ್ರಂಥ ಪ್ರಕಟಿಸಿದರು.

ಇಂಥ ಅಧ್ಯಯನಕ್ಕೆ ಹೊಸಪೇಟೆ ಸೀಮೆ ಹೇಳಿಮಾಡಿಸಿದ ಜಾಗ. ಕಮಲಾಪುರದ ಬಳಿ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯವಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಸಂಡೂರು ಹಾಗೂ ಕಂಪ್ಲಿಯ ಕಡೆಯ ಬಂಡೆಗುಡ್ಡಗಳ ನಡುವೆ 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮವಿದೆ. ಒಂದೆಡೆ ಪ್ರಾಣಿ ಆವರಣದೊಳಗೆ. ಇನ್ನೊಂದೆಡೆ ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕುಳಿತು ಕರಡಿಗಾಗಿ ಕಾಯಬೇಕು. ಸುಮ್ಮನಿರುವ ಗುಣ ನೋಡುವವನಲ್ಲಿದೆಯೋ, ಜಾಗದಲ್ಲಿದೆಯೋ?

ಉತ್ತರ ಬೇಕಾದರೆ ಪ್ರಶ್ನಾವಳಿಯೊಂದೇ ಸಾಲದು. ‘ಪ್ರಾಣಿಗಳಿಗೆ ತಿಂಡಿ ಎಸೆಯುತ್ತೀರಾ?’ ಎಂದರೆ ಬಹುಮಂದಿ ‘ಇಲ್ಲ’ ಎನ್ನುವುದು ಸಹಜ. ಆದ್ದರಿಂದ ಕೂಗುವುದು, ಕೆಣಕುವುದು, ಫಲಕ ಓದುವುದು ಎಂದರೇನು ಎಂಬುದನ್ನು ಮೊದಲೇ ಖಚಿತಪಡಿಸಿಕೊಂಡು, ಇಬ್ಬರು ವೀಕ್ಷಕರು ಬೇರೆ ಬೇರೆಯಾಗಿ ಗುರುತು ಹಾಕಿ ತಾಳೆ ನೋಡಬೇಕು. ಅನಂತರ ಒಪ್ಪಿಗೆ ಪಡೆದು, ಹೆಸರು ಕೇಳದೆ, ಕನ್ನಡ, ತೆಲುಗು, ಹಿಂದಿಗಳಲ್ಲಿ ಬಾಯ್ಮಾತಿನಲ್ಲೇ ಪ್ರಶ್ನಿಸಬೇಕು. ಓದಲಾರದವರ ಅಭಿಪ್ರಾಯವೂ ಬೇಕಲ್ಲ. ಭಾನುವಾರದ ಜನಜಂಗುಳಿ, ವಾರದ ನಡುವಿನ ಬಿಡುವು, ಶಾಲಾ ಪ್ರವಾಸದ ಕಾಲ ಎಲ್ಲವೂ ಲೆಕ್ಕಕ್ಕೆ ಬರಬೇಕು.

ಇಲ್ಲೊಂದು ತೊಡಕಿದೆ. ದರೋಜಿಗೆ ಹೋಗುವವರು ಮೊದಲೇ ತಾಳ್ಮೆಯುಳ್ಳವರಿರಬಹುದು. ಹೀಗಾಗಿ ಎರಡೂ ಕಡೆ ಹೋದವರನ್ನು ಪ್ರತ್ಯೇಕವಾಗಿ ಹೋಲಿಸುವುದು ಲೇಸು.

ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ಅವುಗಳಿಗೆ ತಿನಿಸು ಕೊಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಾದ ತಿದ್ದುಪಡಿಯಂತೆ ನಿಷಿದ್ಧ. ಆದರೆ ದಂಡದ ಭಯವಿದ್ದಷ್ಟು ಹೊತ್ತು ಮಾತ್ರ ಸುಮ್ಮನಿರುವವನು ಏನನ್ನಾದರೂ ಕಲಿತಂತಾಯಿತೇ? ತಿಳಿವಳಿಕೆ ಮೂಡಿಸುತ್ತೇವೆಂಬ ಭರವಸೆಯ ಮೇಲೆಯೇ ಇಂದಿನ ಮೃಗಾಲಯಗಳು ಪ್ರಾಣಿಗಳನ್ನು ಆವರಣದಲ್ಲಿಡುತ್ತವೆ. ಆ ಭರವಸೆ ಈಡೇರದಿದ್ದರೆ ಅದರ ಬೆಲೆ ತೆರುವುದು ಒಳಗಿರುವ ಮೂಕಪ್ರಾಣಿ.