ನಾಲಿಗೆ ಕೊಟ್ಟ ಸುಳಿವು

ಹಲ್ಲು ಕೀಳಿಸಿಕೊಂಡು ಬಂದ ಸಂಘದ ಗೆಳತಿಯೊಬ್ಬರು ಕೇಳಿದರು: "ಮರಗಟ್ಟಿಸುವ ಒಂದು ಇಂಜೆಕ್ಷನ್ ಅಷ್ಟೇ. ಅದಕ್ಕೆ ನರ್ಸ್ ಅಷ್ಟೊಂದು ಪ್ರಶ್ನೆ ಕೇಳಬೇಕೇ?" ಮುಂಬಯಿಯಲ್ಲಿ ಮೂವತ್ತು ವರ್ಷ ದಾದಿಯಾಗಿದ್ದ ನಾನು ಅವರಿಗೆ ಆ ಔಷಧದ ಚರಿತ್ರೆಯನ್ನೇ ಹೇಳಿದೆ.

ಅದು ಶುರುವಾಗುವುದು ನಾಲಿಗೆಯಿಂದ. 1884ರಲ್ಲಿ ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೊಲ್ಲರ್, ಕಣ್ಣಿನ ಶಸ್ತ್ರಚಿಕಿತ್ಸೆಗೆ ತಕ್ಕ ಔಷಧ ಹುಡುಕುತ್ತಿದ್ದರು. ಕೊಕೇನ್ ರುಚಿ ನೋಡಿದ ಸಹೋದ್ಯೋಗಿಯೊಬ್ಬರು ನಾಲಿಗೆ ಜೋಮು ಹಿಡಿಯಿತು ಎಂದಾಗ ಕೊಲ್ಲರ್‌ಗೆ ಹೊಳೆಯಿತು: ನಾಲಿಗೆ ಮರಗಟ್ಟಿದರೆ ಕಣ್ಣೇಕೆ ಮರಗಟ್ಟಬಾರದು? ಮೊದಲು ಕಪ್ಪೆಯ ಕಣ್ಣಿಗೆ, ಆಮೇಲೆ ತಮ್ಮ ಕಣ್ಣಿಗೇ ಹನಿ ಹಾಕಿಕೊಂಡು ಗುಂಡುಸೂಜಿಯ ತಲೆಯಿಂದ ಮುಟ್ಟಿ ನೋಡಿದರು. ನೋವಿಲ್ಲ! ಹೈಡಲ್‌ಬರ್ಗ್‌ನ ಸಮ್ಮೇಳನಕ್ಕೆ ಹೋಗಲು ಅವರ ಬಳಿ ಹಣವಿರಲಿಲ್ಲ. ಅವರ ಪ್ರಬಂಧವನ್ನು ಇನ್ನೊಬ್ಬ ವೈದ್ಯರು ಓದಿದರು.

ಆದರೆ ಕೊಕೇನ್ ಚಟ ಹಿಡಿಸುವ ವಸ್ತು. ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡ ನ್ಯೂಯಾರ್ಕಿನ ಸರ್ಜನ್ ಹಾಲ್‌ಸ್ಟೆಡ್ ಅದಕ್ಕೆ ದಾಸರಾದರು. 1905ರಲ್ಲಿ ಜರ್ಮನಿಯ ಐನ್‌ಹಾರ್ನ್ ಅವರ ಪ್ರೊಕೇನ್ ಬಳಕೆಗೆ ಬಂತು. 1930ರ ದಶಕದಲ್ಲಿ ಸ್ಟಾಕ್‌ಹೋಮ್‌ನಲ್ಲಿ ಎರ್ಟ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ತಾವು ತಯಾರಿಸಿದ ಪದಾರ್ಥವನ್ನು ನಾಲಿಗೆಗೆ ಹಚ್ಚಿದಾಗ ಮತ್ತೆ ಅದೇ ಜೋಮು. ಆ ಜಾಡು ಹಿಡಿದ ಲೋಫ್‌ಗ್ರೆನ್ 1943ರಲ್ಲಿ ಲಿಡೋಕೇನ್ ತಯಾರಿಸಿದರು. ಅವರ ಜೊತೆಗಾರ ಲುಂಡ್‌ಕ್ವಿಸ್ಟ್ ತಮಗೇ ಚುಚ್ಚಿಕೊಂಡು ಪರೀಕ್ಷಿಸಿದರು. ನಾವೆಲ್ಲ ಕೇಳಿರುವ ಝೈಲೋಕೇನ್ ಇದೇ.

ನೋವು ಹೋದರೆ ಅಪಾಯವೂ ಹೋಯಿತೆಂದಲ್ಲ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್, ಸಹಾಯಕ ಹಿಲ್ಡೆಬ್ರಾಂಟ್ ಅವರ ಬೆನ್ನಿಗೆ ಕೊಕೇನ್ ಕೊಟ್ಟು, ಕಾಲಿಗೆ ಸುತ್ತಿಗೆಯಿಂದ ಹೊಡೆದರು, ಉರಿಯುವ ಚುಟ್ಟಾ ತಾಗಿಸಿದರು. ಆಗ ಏನೂ ತಿಳಿಯಲಿಲ್ಲ. ಜೋಮು ಇಳಿದ ಮೇಲೆ ಪೆಟ್ಟೆಲ್ಲ ಲೆಕ್ಕಕ್ಕೆ ಬಂತು. ಬೆನ್ನಿಗೆ ಇಂಜೆಕ್ಷನ್ ಪಡೆದವರ ಕಾಲಿನ ಹತ್ತಿರ ನಾವು ಬಿಸಿನೀರಿನ ಚೀಲ ಇಡಬಿಡದಿರುವುದು, ಕಾಲಿಗೆ ಬಲ ಮರಳುವವರೆಗೆ ಒಬ್ಬರನ್ನೇ ಏಳಬಿಡದಿರುವುದು, ಪದೇ ಪದೇ ರಕ್ತದೊತ್ತಡ ನೋಡುವುದು, ಮೂತ್ರ ಆಯಿತೇ ಎಂದು ಕೇಳುವುದು ಇದಕ್ಕೇ. ದೇಹದ ಕಾವಲುಗಾರ ಮಲಗಿದಾಗ ಕಾವಲು ದಾದಿಯದು.

1980ರ ದಶಕದ ಒಂದು ಮಧ್ಯಾಹ್ನ ಇದು ನನಗೆ ಮನದಟ್ಟಾಯಿತು. ಕೈಮುರಿದ ಬಾಗಲಕೋಟೆ ಕಡೆಯ ಕೂಲಿ ಹೆಂಗಸು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ತೋಳಿನ ನರಗಳ ಬಳಿ ಔಷಧ ಹೋಗುತ್ತಿತ್ತು. ಆಕೆ ಮೆಲ್ಲಗೆ, "ಅಕ್ಕಾರ, ನಾಲಿಗಿ ದಪ್ಪ ಆದಂಗಾತು, ಕಿವ್ಯಾಗ ಗುಂಯ್ ಅನ್ನಾಕತ್ತೈತಿ" ಅಂದಳು. ಹೆದರಿ ಏನೋ ಗೊಣಗುತ್ತಿದ್ದಾಳೆ ಎಂದುಕೊಂಡರು ಉಳಿದವರು. ನನ್ನ ಎದೆ ಧಸಕ್ಕೆಂದಿತು. ತೋಳಿಗೆ ಹಾಕಿದ ಮದ್ದು ನಾಲಿಗೆಯನ್ನು ಮುಟ್ಟಿತೆಂದರೆ ಅದು ರಕ್ತದಲ್ಲಿ ಏರಿದೆ ಎಂದರ್ಥ. ಮುಂದೆ ಅಪಸ್ಮಾರ ಬರಬಹುದು, ಹೃದಯ ನಿಲ್ಲಬಹುದು. ಕೂಗಿ ಹೇಳಿದೆ. ಡಾಕ್ಟರು ತಕ್ಷಣ ಸಿರಿಂಜ್ ಹಿಂದೆಗೆದರು, ಆಮ್ಲಜನಕ ಕೊಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಕಿವಿಯ ಸದ್ದು ನಿಂತಿತೆಂದಳು. ನಾನು ಅವಳ ಇನ್ನೊಂದು ಕೈ ಬಿಡಲೇ ಇಲ್ಲ.

ಆಗ ಇಂಥ ವಿಷಬಾಧೆಗೆ ನೇರ ಮದ್ದಿರಲಿಲ್ಲ. 1998ರಲ್ಲಿ ಅಮೆರಿಕದ ಗೈ ವೈನ್‌ಬರ್ಗ್ ಕೊಬ್ಬಿನ ದ್ರಾವಣ ಇಲಿಗಳನ್ನು ಕಾಪಾಡುತ್ತದೆಂದು ತೋರಿಸಿದರು; ಈಗ ಅದು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಆದರೂ ಮೊದಲ ಸುಳಿವು ಎಚ್ಚರವಿರುವ ರೋಗಿಯ ಬಾಯಿಂದಲೇ ಬರಬೇಕು, ಕೇಳುವವರಿಗೆ ಅದು ಅರ್ಥವಾಗಬೇಕು.

ಆದ್ದರಿಂದ ಗೆಳತಿಯರೇ, ನರ್ಸ್ ತೂಕ, ಅಲರ್ಜಿ, ಹೃದಯದ ಕಾಯಿಲೆ ಎಂದು ಕೇಳಿದರೆ ಬೇಸರಿಸಬೇಡಿ. ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎಂಬ ಸದ್ದು, ತಲೆಸುತ್ತು ಬಂದರೆ ಸಂಕೋಚವಿಲ್ಲದೆ ಕೂಡಲೇ ಹೇಳಿ. ಹಲ್ಲಿನ ಜೋಮು ಇಳಿಯುವವರೆಗೆ ಬಿಸಿ ಚಹಾ ಬೇಡ. ಭಾಷೆ ಬಾರದ ಅತ್ತೆಯನ್ನೋ ಅಮ್ಮನನ್ನೋ ಕರೆದೊಯ್ದಾಗ, ಅವರ ಮಾತು ತಿಳಿಯುವವರೊಬ್ಬರು ಹತ್ತಿರದಲ್ಲಿರಲಿ ಎಂದು ಮೊದಲೇ ಕೇಳಿಕೊಳ್ಳಿ.

ಇಷ್ಟು ಕೇಳಿದ ಆ ಗೆಳತಿ ಅಂದರು, "ಮುಂದಿನ ಸಲ ಎಲ್ಲ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಡ್ತೀನಿ ಬಿಡಿ."