ಮನಸ್ಸಿನ ಗಾಯಕ್ಕೂ ಚಿಕಿತ್ಸೆಯುಂಟು

2001ರ ಜನವರಿ 26ರ ಬೆಳಿಗ್ಗೆ, ಗಣರಾಜ್ಯೋತ್ಸವದ ಹೊತ್ತಿಗೆ, ಕಚ್ಛದಲ್ಲಿ ಹುಟ್ಟಿದ ಭೂಕಂಪವು ಗುಜರಾತನ್ನೆಲ್ಲ ನಡುಗಿಸಿತು. ಸುಮಾರು 13,800 ಮಂದಿ ಅಸುನೀಗಿದರು. ಅಹಮದಾಬಾದಿನಲ್ಲಿಯೂ ಬಹುಮಹಡಿ ಕಟ್ಟಡಗಳು ಕುಸಿದವು. ವಡೋದರದ ಆಲ್ಕಾಪುರಿಯಲ್ಲಿ ನೆಲೆಸಿದ್ದ ನಾವು ಮೆಟ್ಟಿಲಿಳಿದು ಬೀದಿಗೆ ಓಡಿಬಂದೆವು. ನಮ್ಮ ಮನೆಗಳೇನೋ ಉಳಿದವು. ಆದರೆ ಅನೇಕ ದಿನಗಳವರೆಗೆ ಲಾರಿಯೊಂದು ಸದ್ದುಮಾಡಿ ಹಾದುಹೋದರೂ ಎದೆ ಝಲ್ಲೆನ್ನುತ್ತಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಆ ಭಯವು ಕಾಲಕ್ರಮದಲ್ಲಿ ತಾನಾಗಿ ಕಳೆಯಿತು. ಕೆಲವರಿಗೆ ಹಾಗೆ ಕಳೆಯುವುದಿಲ್ಲ. ಅಂಥವರಿಗೆ ಮನಃಶಾಸ್ತ್ರಜ್ಞರು ಹೇಗೆ ನೆರವಾಗುತ್ತಾರೆಂಬುದನ್ನು ಇಲ್ಲಿ ಸಂಗ್ರಹವಾಗಿ ತಿಳಿಸಿದ್ದೇವೆ.

ಆಘಾತದ ಲಕ್ಷಣಗಳು

ನಡೆದ ಘಟನೆಯು ಬೇಡವೆಂದರೂ ಕಣ್ಣ ಮುಂದೆ ಬರುವುದು, ದುಃಸ್ವಪ್ನ, ಆ ಸ್ಥಳವನ್ನೂ ಮಾತನ್ನೂ ತಪ್ಪಿಸಿಕೊಳ್ಳುವುದು, ಸಣ್ಣ ಸದ್ದಿಗೂ ಬೆಚ್ಚುವುದು, ತನ್ನನ್ನೇ ದೂಷಿಸಿಕೊಳ್ಳುವುದು - ಇವು ಒಂದು ತಿಂಗಳಿಗೂ ಮೀರಿ ಉಳಿದು ದಿನನಿತ್ಯದ ಬಾಳಿಗೆ ಅಡ್ಡಿಯಾದರೆ ತಜ್ಞರನ್ನು ಕಾಣಬೇಕು. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ತನ್ನ ಕೈಪಿಡಿಗೆ ಸೇರಿಸಿತು. ಇದು ಮನೋದೌರ್ಬಲ್ಯವಲ್ಲ.

ಮನಃಶಾಸ್ತ್ರಜ್ಞರ ಕ್ರಮ

ಈ ಕ್ರಮಕ್ಕೆ ಎರಡು ಮುಖಗಳಿವೆ. ಮೊದಲನೆಯದು ಆಘಾತದ ಅರಿವು. 'ನಿನಗೇನು ಕೊರತೆ?' ಎಂದು ಕೇಳುವ ಬದಲು 'ನಿಮಗೆ ಏನಾಯಿತು?' ಎಂಬ ದೃಷ್ಟಿಯಿಂದ ಅವರು ನೋಡುತ್ತಾರೆ. ಬಂದವರಿಗೆ ಸುರಕ್ಷಿತವೆನಿಸಬೇಕು, ಮುಂದೇನು ಮಾಡುವರೆಂಬುದು ತಿಳಿದಿರಬೇಕು, ಬೇಡವೆನ್ನುವ ಸ್ವಾತಂತ್ರ್ಯವಿರಬೇಕು. ಎರಡನೆಯದು ಪುರಾವೆಯ ಆಧಾರ. ಅಂದರೆ ಅನೇಕ ರೋಗಿಗಳ ಮೇಲೆ ಪರೀಕ್ಷಿಸಿ ಗುಣ ಕಂಡ ವಿಧಾನವನ್ನೇ ಬಳಸುವುದು. ಮೊದಲನೆಯದಿಲ್ಲದೆ ರೋಗಿಯು ಬಾಯಿ ಬಿಡಲಾರನು. ಎರಡನೆಯದಿಲ್ಲದೆ ಬರಿಯ ಸಾಂತ್ವನವೇ ಉಳಿದೀತು.

ಇಂತಹ ವಿಧಾನಗಳಲ್ಲಿ ಮುಖ್ಯವಾದವು ಮೂರು. ಎಡ್ನಾ ಫೋವಾ ಅವರು ರೂಪಿಸಿದ ವಿಧಾನದಲ್ಲಿ ರೋಗಿಯು ತಾನು ತಪ್ಪಿಸಿಕೊಳ್ಳುತ್ತಿದ್ದ ನೆನಪನ್ನೂ ಸ್ಥಳಗಳನ್ನೂ ಚಿಕಿತ್ಸಕರ ನೆರವಿನಿಂದ ಹಂತಹಂತವಾಗಿ ಎದುರಿಸುತ್ತಾನೆ. ಪೆಟ್ರೀಷಿಯಾ ರೆಸಿಕ್ ಅವರ ವಿಧಾನದಲ್ಲಿ, ಸುಮಾರು 12 ಭೇಟಿಗಳಲ್ಲಿ, 'ತಪ್ಪೆಲ್ಲ ನನ್ನದೇ' ಎಂಬಂತಹ ನಂಬಿಕೆಗಳನ್ನು ಒರೆಗೆ ಹಚ್ಚಲಾಗುತ್ತದೆ. ಫ್ರಾನ್ಸೀನ್ ಶಪಿರೊ ಅವರ ವಿಧಾನದಲ್ಲಿ ನೆನಪನ್ನು ಮನಸ್ಸಿನಲ್ಲಿರಿಸಿಕೊಂಡು ಕಣ್ಣನ್ನು ಅತ್ತಿತ್ತ ಚಲಿಸುವ ಕ್ರಮವಿದೆ. ಮಕ್ಕಳ ಚಿಕಿತ್ಸೆಯಲ್ಲಿ ತಂದೆತಾಯಿಗಳನ್ನೂ ಸೇರಿಸಿಕೊಳ್ಳುವುದುಂಟು.

ಬಲವಂತ ಸಲ್ಲದು

ದುರಂತವಾದ ಕೂಡಲೇ ಎಲ್ಲವನ್ನೂ ಬಿಡಿಸಿ ಹೇಳಿಸಬೇಕೆಂಬುದು ತಪ್ಪು ತಿಳಿವಳಿಕೆ. ವಿಶ್ವ ಆರೋಗ್ಯ ಸಂಸ್ಥೆಯು 2013ರ ಮಾರ್ಗಸೂಚಿಯಲ್ಲಿ ಅದು ಬೇಡವೆಂದಿದೆ. 2024ರ ಜನವರಿ 18ರಂದು ನಮ್ಮ ಊರಿನ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ಶಾಲಾಮಕ್ಕಳೂ ಇಬ್ಬರು ಶಿಕ್ಷಕಿಯರೂ ತೀರಿಕೊಂಡರು. ಇಂತಹ ಹೊತ್ತಿನಲ್ಲಿ ಬದುಕುಳಿದ ಮಗುವನ್ನು ಬಂದವರೆಲ್ಲ 'ಏನಾಯಿತು, ಹೇಳು' ಎಂದು ಪೀಡಿಸುವುದು ಹಿತವಲ್ಲ. ಊಟ, ನಿದ್ರೆ, ಪರಿಚಿತರ ಸಾಮೀಪ್ಯ ಮತ್ತು ತಾನಾಗಿ ಮಾತನಾಡಿದಾಗ ತಾಳ್ಮೆಯಿಂದ ಕೇಳುವ ಕಿವಿ - ಮೊದಲು ಬೇಕಾದುದು ಇಷ್ಟೇ.

ಕನ್ನಡ ನಾಡಿನ ಕೊಡುಗೆ

1984ರ ಭೋಪಾಲ ಅನಿಲ ದುರಂತ, 1999ರ ಒಡಿಶಾ ಚಂಡಮಾರುತ ಹಾಗೂ 2001ರ ಭೂಕಂಪದ ಸಂತ್ರಸ್ತರ ಮಾನಸಿಕ ಆರೈಕೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ತೊಡಗಿಕೊಂಡಿದ್ದರೆಂಬುದು ನಮಗೆ ಹೆಮ್ಮೆಯ ಸಂಗತಿ. ತಜ್ಞರು ವಿರಳವಾಗಿರುವ ನಮ್ಮ ದೇಶದಲ್ಲಿ ಸ್ಥಳೀಯ ಕಾರ್ಯಕರ್ತರಿಗೆ ತರಬೇತಿ ನೀಡುವುದೇ ದಾರಿಯೆಂದು ಆ ಸಂಸ್ಥೆಯು ತೋರಿಸಿಕೊಟ್ಟಿತು.

ನೆರವು ಎಲ್ಲಿ?

ಚಿಕಿತ್ಸಾ ಮನಃಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ವಿಚಾರಿಸಿಕೊಳ್ಳಬೇಕು. ಔಷಧಿ ಬೇಕಾದಲ್ಲಿ ಮನೋವೈದ್ಯರನ್ನು ಕಾಣಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಗೆ ಗೋಪ್ಯತೆಯ ಹಕ್ಕನ್ನು ನೀಡಿದೆ; ನಾಲ್ಕು ಜನ ಏನೆಂದಾರೋ ಎಂದು ಅಂಜಬೇಕಾಗಿಲ್ಲ. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಈ ಕೊನೆಯ ಮಾತು ಹೊರನಾಡಿನವರಾದ ನಮಗೆ ಬಹಳ ಮುಖ್ಯ. ಅಂಗಡಿಯಲ್ಲಿ ಗುಜರಾತಿಯೂ ಕಚೇರಿಯಲ್ಲಿ ಹಿಂದಿ, ಇಂಗ್ಲಿಷುಗಳೂ ನಮಗೆ ಸಾಕು. ಆದರೆ 'ಜೀವ ಬಾಯಿಗೆ ಬಂದಂತಾಯಿತು' ಎಂಬುದನ್ನು ನಮ್ಮ ಮನೆಯ ಹಿರಿಯರು ಕನ್ನಡದಲ್ಲಿಯೇ ಹೇಳಬಲ್ಲರು. ಅವರು ಚಿಕಿತ್ಸಕರ ಬಳಿಗೆ ಹೋಗುವಾಗ, ಅವರೇ ಒಪ್ಪಿದ ಒಬ್ಬರು ಜೊತೆಗೆ ಹೋಗಿ, ಹೇಳಿದುದನ್ನು ಕೂಡಿಸದೆ ಕಳೆಯದೆ ಅನುವಾದಿಸಿದರೆ ಅದೇ ದೊಡ್ಡ ಉಪಕಾರ. ಸಂಘದ ಸದಸ್ಯರೆಲ್ಲರೂ ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.