ಬೆಸ ಸಂಖ್ಯೆಗಳು ಮತ್ತು ಅವಿಭಾಜ್ಯ ಘಾತಗಳ ಮೊತ್ತ: ಒಂದು ಒಗಟಿನ ಇತಿಹಾಸ

ಒಂದು ಅವಿಭಾಜ್ಯ ಸಂಖ್ಯೆಯನ್ನಾಗಲಿ, ಅದನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸಿ ಪಡೆದ ಸಂಖ್ಯೆಯನ್ನಾಗಲಿ ಅವಿಭಾಜ್ಯ ಘಾತ ಎನ್ನುತ್ತಾರೆ. ಒಂದು ಪೂರ್ಣಾಂಕವನ್ನು ಇಂಥ ಎರಡು ಘಾತಗಳ ಮೊತ್ತವಾಗಿ ಬರೆಯಬಹುದೇ ಎಂಬ ಒಗಟು ಬೆಸ ಸಂಖ್ಯೆಗಳ ಮಟ್ಟಿಗೆ ತಾನಾಗಿಯೇ ಕಿರಿದಾಗುತ್ತದೆ. ಏಕೆಂದರೆ ಮೊತ್ತ ಬೆಸವಾಗಬೇಕಾದರೆ ಕೂಡುವ ಎರಡರಲ್ಲಿ ಒಂದು ಸಮವಾಗಿರಲೇಬೇಕು, ಸಮವಾದ ಅವಿಭಾಜ್ಯ ಘಾತಗಳೋ 2, 4, 8, 16 ಮುಂತಾದ ಎರಡರ ಘಾತಗಳು ಮಾತ್ರ.

ಫ್ರಾನ್ಸಿನ ಆಲ್ಫೋನ್ಸ್ ದ ಪೊಲಿನ್ಯಾಕ್ 1849 ರಲ್ಲಿ ಪ್ರತಿಯೊಂದು ಬೆಸ ಸಂಖ್ಯೆಯೂ ಎರಡರ ಒಂದು ಘಾತ ಮತ್ತು ಒಂದು ಅವಿಭಾಜ್ಯದ ಮೊತ್ತವೆಂದು ಸಾರಿ, ಮೂವತ್ತು ಲಕ್ಷದವರೆಗೆ ಪರಿಶೀಲಿಸಿರುವುದಾಗಿಯೂ ಹೇಳಿದನು. ಆದರೆ 127 ರಿಂದ 2, 4, 8, 16, 32, 64 ಗಳನ್ನು ಕಳೆದರೆ ಉಳಿಯುವ 125, 123, 119, 111, 95, 63 ಇವುಗಳಲ್ಲಿ ಒಂದೂ ಅವಿಭಾಜ್ಯವಲ್ಲ. ಆರು ವ್ಯವಕಲನಗಳಲ್ಲಿ ಬಿದ್ದುಹೋಗುವ ಹೇಳಿಕೆಗೆ ಮೂವತ್ತು ಲಕ್ಷದ ಪರಿಶೀಲನೆಯ ಬೆಂಬಲವಿದೆ ಎಂದದ್ದನ್ನು ಸಮರ್ಥಿಸುವುದು ಕಷ್ಟ. ಇಂಥದೇ ಇನ್ನೊಂದು ಸಂಖ್ಯೆಯಾದ 959 ನ್ನು ಆಯ್ಲರ್ 1752 ರಲ್ಲೇ ಗೋಲ್ಡ್‌ಬಾಕ್‌ಗೆ ಬರೆದ ಪತ್ರದಲ್ಲಿ ಗುರುತಿಸಿದ್ದನು. ಅವಿಭಾಜ್ಯದ ಬದಲು ಅವಿಭಾಜ್ಯ ಘಾತಕ್ಕೆ ಅವಕಾಶ ಕೊಟ್ಟರೆ 127 ಪಾರಾಗುತ್ತದೆ, ಏಕೆಂದರೆ 125 ಎಂಬುದು 5 ರ ಮೂರನೆಯ ಘಾತ. 149 ಕ್ಕೆ ಆ ರಿಯಾಯಿತಿಯೂ ಸಾಲದು.

1934 ರಲ್ಲಿ ರಷ್ಯದ ರೊಮಾನೊವ್, ಪೊಲಿನ್ಯಾಕ್ ಹೇಳಿದ ರೂಪದ ಸಂಖ್ಯೆಗಳು ಎಲ್ಲ ಪೂರ್ಣಾಂಕಗಳಲ್ಲಿ ಸೊನ್ನೆಗಿಂತ ಹೆಚ್ಚಿನ ಒಂದು ನಿಶ್ಚಿತ ಪಾಲನ್ನು ಹೊಂದಿವೆ ಎಂದು ಸಾಧಿಸಿದನು. ಉಳಿದವು ಅನಂತವೇ ಎಂಬ ಪ್ರಶ್ನೆಗೆ 1950 ರಲ್ಲಿ ವಾನ್ ದೆರ್ ಕಾರ್ಪುಟ್ ಮತ್ತು ಪಾಲ್ ಎರ್ಡೋಸ್ ಪ್ರತ್ಯೇಕವಾಗಿ ಹೌದೆಂದು ಉತ್ತರಿಸಿದರು. ಎರ್ಡೋಸ್‌ನ ಯುಕ್ತಿ ಹೆಚ್ಚು ಫಲವತ್ತಾದದ್ದು. ಘಾತಾಂಕ ಸಮವಾದಾಗ ಎರಡರ ಘಾತವನ್ನು 3 ರಿಂದ ಭಾಗಿಸಿದರೆ ಶೇಷ 1. ಘಾತಾಂಕ ಮೂರರ ಗುಣಕವಾದಾಗ 7 ರಿಂದ ಭಾಗಿಸಿದರೂ ಶೇಷ 1. ಆದ್ದರಿಂದ 3 ಮತ್ತು 7 ಎರಡರಿಂದಲೂ ಶೇಷ 1 ಬರುವ ಸಂಖ್ಯೆಯನ್ನು ಆಯ್ದುಕೊಂಡರೆ, ಅಂಥ ಘಾತಗಳನ್ನು ಅದರಿಂದ ಕಳೆದಾಗ ದೊರೆಯುವ ವ್ಯತ್ಯಾಸ 3 ರಿಂದಲೋ 7 ರಿಂದಲೋ ಭಾಗವಾಗುತ್ತದೆ. ಉಳಿದ ಘಾತಾಂಕಗಳನ್ನು 5, 17, 13, 241 ಎಂಬ ಅವಿಭಾಜ್ಯಗಳು ಇದೇ ರೀತಿ ಹಂಚಿಕೊಂಡು, 24 ರ ಆವರ್ತನೆಯಲ್ಲಿ ಒಂದನ್ನೂ ಬಿಡದೆ ಆವರಿಸುತ್ತವೆ. ವ್ಯತ್ಯಾಸವು ಈ ಆರು ಅವಿಭಾಜ್ಯಗಳಲ್ಲಿ ಒಂದೇ ಆಗಿಬಿಡುವ ಸಂದರ್ಭವನ್ನು 31 ರಿಂದ ಬರುವ ಶೇಷದ ಮೇಲೆ ಹಾಕಿದ ಇನ್ನೊಂದು ನಿಬಂಧನೆ ತಪ್ಪಿಸುತ್ತದೆ. ಈ ಷರತ್ತುಗಳನ್ನೆಲ್ಲ ಪಾಲಿಸುವ ಬೆಸ ಸಂಖ್ಯೆಗಳು ಒಂದು ಸಮಾಂತರ ಶ್ರೇಢಿಯಾಗಿ ಕೊನೆಯಿಲ್ಲದೆ ಸಾಗುತ್ತವೆ. ಅವುಗಳಲ್ಲಿ ಒಂದೂ ಪೊಲಿನ್ಯಾಕ್‌ನ ರೂಪಕ್ಕೆ ಒಗ್ಗುವುದಿಲ್ಲ.

ಎರಡರ ಎರಡು ಘಾತಗಳಿಗೆ ಅವಕಾಶವಿತ್ತರೂ ಅನಂತ ಬೆಸ ಸಂಖ್ಯೆಗಳು ಹೊರಗುಳಿಯುತ್ತವೆ ಎಂದು ಕ್ರಾಕರ್ 1971 ರಲ್ಲಿ ತೋರಿಸಿದನು. 1975 ರಲ್ಲಿ ಕೋಹೆನ್ ಮತ್ತು ಸೆಲ್ಫ್‌ರಿಜ್ ಎರ್ಡೋಸ್‌ನ ಯುಕ್ತಿಯನ್ನೇ ಹಿಗ್ಗಿಸಿ, ಎರಡು ಅವಿಭಾಜ್ಯ ಘಾತಗಳ ಮೊತ್ತವೂ ಅಲ್ಲದ, ವ್ಯತ್ಯಾಸವೂ ಅಲ್ಲದ ಸಂಖ್ಯೆಗಳು ಅನಂತವೆಂದು ಸಾಧಿಸಿದರು. ಬೆಸ ಸಂಖ್ಯೆಗಳ ಮಟ್ಟಿಗೆ ಮೂಲ ಒಗಟಿಗೆ ಸಿಕ್ಕ ಉತ್ತರ ಇದು.

ಇದಕ್ಕೆ ತೀರ ವಿರುದ್ಧವಾದ ತುದಿಯಲ್ಲಿರುವುದು 105: ಅದರಿಂದ 2 ರಿಂದ 64 ರವರೆಗಿನ ಎರಡರ ಯಾವ ಘಾತವನ್ನು ಕಳೆದರೂ ಉಳಿಯುವ 103, 101, 97, 89, 73, 41 ಎಲ್ಲವೂ ಅವಿಭಾಜ್ಯಗಳೇ. ಈ ಗುಣವುಳ್ಳ ಸಂಖ್ಯೆಗಳಲ್ಲಿ 105 ಅತ್ಯಂತ ದೊಡ್ಡದೆಂದು ಎರ್ಡೋಸ್ ಊಹಿಸಿದನು. ಆ ಊಹೆಗೆ ಇನ್ನೂ ಸಾಧನೆ ದೊರೆತಿಲ್ಲ.